ಕುಂಕುಮ ಇನ್ನು ಉಳಿಯುವ ಹಾಗೆ ಕಾಣುವುದಿಲ್ಲ. ನೋವಾಗದಂತೆ ಕಳಿಸಿಕೊಡುವುದು ಹೇಗೆ, ಎಲ್ಲಿ ಮಣ್ಣು ಮಾಡುವುದು?

ಕೇಪಳದ ಹೂ (ಬದಿಯಡ್ಕದ ಹತ್ತಿರ), ಮಂಗಳವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿರುವುದು ಒರಾಂಡ ಗೋಲ್ಡ್‌ಫಿಶ್, ಬಿಳಿ ಮೈ, ನೆತ್ತಿಯ ಮೇಲೆ ಕೆಂಪು ಟೊಪ್ಪಿ. ಹೆಸರು ಕುಂಕುಮ. ಪ್ರಾಯ ಆರು ವರ್ಷ, ಬಾಲ ಬಿಟ್ಟು 13 ಸೆಂ.ಮೀ. ಉದ್ದ. 100 ಲೀಟರಿನ ತೊಟ್ಟಿ, ಎರಡು ಸ್ಪಂಜ್ ಫಿಲ್ಟರ್, ಜೊತೆಗೆ ಇನ್ನೆರಡು ಗೋಲ್ಡ್‌ಫಿಶ್ ಉಂಟು. ನೀರು ಬಾವಿಯದ್ದು, ವಾರಕ್ಕೊಮ್ಮೆ 30 ಲೀಟರ್ ಬದಲಾಯಿಸುವುದು.

12 ದಿನದ ಹಿಂದೆ ಹೊಟ್ಟೆ ಊದಲು ಸುರುವಾಯಿತು. ಈಗ ಮೈಯ ಹುರುಪೆಯೆಲ್ಲ ಎದ್ದು ನಿಂತಿದೆ, ಮೇಲಿನಿಂದ ನೋಡಿದರೆ ಅನಾನಸಿನ ಸಿಪ್ಪೆಯ ಹಾಗೆ. ಎರಡೂ ಕಣ್ಣು ಹೊರಗೆ ಬಂದಿವೆ. ತಿಂಡಿ ಮುಟ್ಟದೆ 8 ದಿನ. ನಿನ್ನೆಯಿಂದ ಅಡಿಯಲ್ಲಿ ಒಂದು ಮಗ್ಗುಲಾಗಿ ಮಲಗಿದೆ, ಕೈಯಲ್ಲಿ ನೆಟ್ಟಗೆ ಮಾಡಿದರೆ ಪುನಃ ಮಗುಚುತ್ತದೆ. ಬೇರೆ ಟಬ್ಬಿನಲ್ಲಿಟ್ಟು 20 ಲೀಟರಿಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಎಪ್ಸಮ್ ಸಾಲ್ಟ್ ಹಾಕಿ ಆರು ದಿನ ನೋಡಿಯಾಯಿತು. ಏನೂ ಇಳಿದಿಲ್ಲ.

ಕೇಳಬೇಕಾದ್ದು ಇಷ್ಟು. ಇನ್ನೂ ಆಸೆ ಇಟ್ಟುಕೊಳ್ಳಬಹುದಾ? ಇಲ್ಲದಿದ್ದರೆ ನರಳದಂತೆ ಮುಗಿಸುವ ದಾರಿ ಯಾವುದು? ಅಂಗಡಿಯಲ್ಲಿ ಕೇಳಿದ್ದಕ್ಕೆ "ಫ್ರೀಜರಿನಲ್ಲಿಡಿ, ನಿದ್ದೆ ಹೋದ ಹಾಗೆ ಹೋಗುತ್ತದೆ" ಎಂದರು, ಅದು ನಿಜವಾ? ಅತ್ತೆಯವರಿಗೆ ಕೊಲ್ಲುವುದು ಸುತರಾಂ ಮನಸ್ಸಿಲ್ಲ, ಜೀವ ಇರುವಾಗಲೇ ದೇವಸ್ಥಾನದ ಕೆರೆಗೆ ಬಿಟ್ಟುಬಿಡೋಣ ಎನ್ನುತ್ತಾರೆ. ಮಣ್ಣು ಮಾಡುವುದಾದರೆ ಈಗ ಆಟಿ ತಿಂಗಳ ಮಳೆ, ತೋಟದಲ್ಲಿ ಎಲ್ಲಿ ಅಗೆದರೂ ನೀರು, ಮನೆಯ ಹಿಂದೆ ಗುಡ್ಡೆಯಲ್ಲಿ ನೀರಿಗಾಗಿ ಕೊರೆದ ಸುರಂಗ ಬೇರೆ ಉಂಟು. ಆರು ವರ್ಷದ ಮಗಳಿಗೆ ಇನ್ನೂ ಏನೂ ಹೇಳಿಲ್ಲ. ಅವಳೂ ಕುಂಕುಮವೂ ಒಂದೇ ಪ್ರಾಯ. ಉಳಿದ ಎರಡು ಮೀನಿಗೂ ತೊಟ್ಟಿಗೂ ಏನು ಮಾಡಬೇಕು ಎಂಬುದನ್ನೂ ಗೊತ್ತಿದ್ದವರು ಹೇಳಿ.

ಹೊಳೆಬದಿ (ಉಪ್ಪಳ)

ಅಕ್ಕ, ಮೊದಲ ಪ್ರಶ್ನೆಗೆ ನೇರ ಉತ್ತರ: ಆಸೆ ಇಲ್ಲ. ನೀವು ಬರೆದದ್ದು ಜಲೋದರದ ಕೊನೆಯ ಹಂತ, ಅಕ್ವೇರಿಯಂ ಅಂಗಡಿಗಳಲ್ಲಿ ಡ್ರಾಪ್ಸಿ ಎನ್ನುತ್ತಾರೆ. ಅದು ಒಂದು ರೋಗದ ಹೆಸರಲ್ಲ, ಕಿಡ್ನಿ ಸೋತಿದೆ ಎನ್ನುವುದರ ಗುರುತು. ಸಿಹಿನೀರಿನ ಮೀನಿನ ಮೈಯೊಳಗೆ ಉಪ್ಪಿನಂಶ ಸುತ್ತಲಿನ ನೀರಿಗಿಂತ ಹೆಚ್ಚು. ಹಾಗಾಗಿ ಕಿವಿರಿನಿಂದಲೂ ಚರ್ಮದಿಂದಲೂ ನೀರು ಹಗಲೂ ರಾತ್ರಿ ಒಳಗೆ ಸೇರುತ್ತಲೇ ಇರುತ್ತದೆ, ಅದನ್ನು ಹೊರಗೆ ತಳ್ಳುವುದು ಕಿಡ್ನಿಯ ಕೆಲಸ. ಕಿಡ್ನಿ ಕೈಬಿಟ್ಟರೆ ನೀರು ಹೊಟ್ಟೆಯಲ್ಲಿ, ಹುರುಪೆಯ ಅಡಿಯಲ್ಲಿ, ಕಣ್ಣಿನ ಹಿಂದೆ ನಿಲ್ಲುತ್ತದೆ. ಹೊಟ್ಟೆ ಮಾತ್ರ ಊದಿದ್ದು ಹುರುಪೆ ಏಳದಿದ್ದರೆ ಮೊಟ್ಟೆ ಇರಬಹುದು, ಮಲಬದ್ಧತೆ ಇರಬಹುದು. ಅಡಿಮೇಲಾಗಿ ತೇಲುತ್ತಿದ್ದರೆ ಗಾಳಿಚೀಲದ ತೊಂದರೆ. ಅವೆರಡರಲ್ಲಿ ಅವಸರ ಮಾಡಬಾರದು, ಎರಡು ಮೂರು ದಿನ ಉಪವಾಸ ಹಾಕಿ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ಕೊಟ್ಟು ನೋಡಬೇಕು. ಆದರೆ ಹುರುಪೆ ಮೈತುಂಬ ಎದ್ದು, ಕಣ್ಣು ಹೊರಬಂದು, ವಾರ ದಾಟಿ ಹೊಟ್ಟೆಗಿಲ್ಲದೆ, ತಾನಾಗಿ ನೆಟ್ಟಗೆ ನಿಲ್ಲಲಾಗದ ಮೀನು ಹಿಂದಿರುಗುವುದಿಲ್ಲ. ಇನ್ನು ಕಾಯುವ ಒಂದೊಂದು ದಿನವೂ ಅದಕ್ಕೆ ಕಷ್ಟವೇ.

ಫ್ರೀಜರ್ ಬೇಡವೇ ಬೇಡ. ಗೋಲ್ಡ್‌ಫಿಶ್ ಚಳಿಯ ನೀರಿನ ಜಾತಿ, 4 ಡಿಗ್ರಿಯ ನೀರಿನಲ್ಲೂ ಬದುಕುತ್ತದೆ. ಫ್ರೀಜರಿನಲ್ಲಿಟ್ಟ ಪಾತ್ರೆಯ ನೀರು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತೂ ಅದಕ್ಕೆ ಎಚ್ಚರ ಇರುತ್ತದೆ, ಕದಲಲು ಮಾತ್ರ ಆಗುವುದಿಲ್ಲ. ನಿದ್ದೆಯ ಹಾಗೆ ಕಾಣುವುದು ನಮ್ಮ ಕಣ್ಣಿಗೆ. ನೀರಿನಿಂದ ಹೊರಗಿಡುವುದು, ಬಿಸಿನೀರು, ಟಾಯ್ಲೆಟ್ಟಿಗೆ ಹಾಕಿ ನೀರು ಬಿಡುವುದು, ಇವೆಲ್ಲ ಅದಕ್ಕಿಂತಲೂ ಕ್ರೂರ.

ಪಶುವೈದ್ಯರು ಸಿಗುವುದಾದರೆ ಮೊದಲು ಫೋನಿನಲ್ಲಿ ಮೀನು ನೋಡುತ್ತಾರಾ ಎಂದು ಕೇಳಿ. ನೋಡುವವರಾದರೆ ಅವರ ಕೈಯಲ್ಲಿ ಆಗುವುದೇ ಒಳ್ಳೆಯದು. ಸಿಗದಿದ್ದರೆ ಮನೆಯಲ್ಲಿ ಮಾಡಬಹುದಾದ ಸರಿಯಾದ ದಾರಿ ಲವಂಗದ ಎಣ್ಣೆ. ಅದರಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆ. ಕಡಿಮೆ ಪ್ರಮಾಣದಲ್ಲಿ ಮಂಪರು, ಹೆಚ್ಚಿಗೆ ಕೊಟ್ಟರೆ ಮೊದಲು ಪ್ರಜ್ಞೆ ಹೋಗಿ ಆಮೇಲೆ ಉಸಿರು ನಿಲ್ಲುತ್ತದೆ. ಪ್ರಜ್ಞೆ ಮೊದಲು ಹೋಗಬೇಕು ಎಂಬುದೇ ಇಲ್ಲಿ ಮುಖ್ಯ, ಅದಕ್ಕಾಗಿಯೇ ಎರಡು ಹಂತ.

ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಅದೇ ಟಬ್ಬಿನ ನೀರನ್ನು ಸರಿಯಾಗಿ 4 ಲೀಟರ್ ಅಳೆದು ಹಾಕಿ. ಹೊಸ ನೀರು ಬೇಡ, ಬಿಸಿಯೋ ತಣ್ಣಗೋ ಬೇಡ. ಏರ್ ಪಂಪಿನ ಗುಳ್ಳೆಕಲ್ಲು ಅದರೊಳಗಿರಲಿ. ಮೀನನ್ನು ಬಲೆಯಲ್ಲಿ ಎತ್ತಬೇಡಿ, ಎದ್ದ ಹುರುಪೆಗೆ ಬಲೆ ಸಿಕ್ಕಿಕೊಳ್ಳುತ್ತದೆ. ಒಂದು ಬೋಗುಣಿಯನ್ನು ನೀರೊಳಗೆ ಇಳಿಸಿ ಅದರಲ್ಲೇ ತೇಲಿಸಿ ತನ್ನಿ. ಬೋಗುಣಿಯ ನೀರೂ 4 ಲೀಟರಿನ ಲೆಕ್ಕಕ್ಕೆ ಸೇರಬೇಕು.

ಎಣ್ಣೆಯನ್ನು ನೇರ ಪಾತ್ರೆಗೆ ಹಾಕುವುದೇ ಹೆಚ್ಚಿನವರು ಮಾಡುವ ತಪ್ಪು. ಎಣ್ಣೆ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಹನಿಹನಿಯಾಗಿ ಬೇರೆಯೇ ನಿಲ್ಲುತ್ತದೆ. ಅದರ ಹನಿ ಕಿವಿರಿಗೆ ತಾಗಿದರೆ ಉರಿ ಹತ್ತಿ ಮೀನು ಒದ್ದಾಡುತ್ತದೆ, ನೋಡಿದವರು "ಲವಂಗದೆಣ್ಣೆ ಹಿಂಸೆ" ಎಂದುಕೊಳ್ಳುತ್ತಾರೆ. ಮುಚ್ಚಳ ಬಿಗಿಯಾಗಿರುವ ಸಣ್ಣ ಗಾಜಿನ ಬಾಟ್ಲಿಗೆ ಅದೇ ನೀರು 100 ಮಿ.ಲೀ. ಹಾಕಿ, 0.2 ಮಿ.ಲೀ. ಎಣ್ಣೆ ಬಿಟ್ಟು, ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಒಂದು ನಿಮಿಷ ಜೋರಾಗಿ ಕುಲುಕಿ. ಅದರಲ್ಲಿ ಅರ್ಧವನ್ನು ಮೀನಿನಿಂದ ದೂರ, ಗುಳ್ಳೆ ಏಳುವ ಜಾಗದಲ್ಲಿ ನಿಧಾನವಾಗಿ ಸುರಿಯಿರಿ. ಮೂರು ನಿಮಿಷ ಬಿಟ್ಟು, ಬಾಟ್ಲಿಯನ್ನು ಪುನಃ ಕುಲುಕಿ ಉಳಿದದ್ದು. ಇದು ಲೀಟರಿಗೆ ಸುಮಾರು 50 ಮಿ.ಗ್ರಾಂ., ಮಂಪರಿಗೆ ಬೇಕಾದಷ್ಟು. ಐದು ಹತ್ತು ನಿಮಿಷದಲ್ಲಿ ಕಿವಿರಿನ ಮುಚ್ಚಳ ಆಡುವುದು ನಿಧಾನವಾಗುತ್ತದೆ. ಬಾಲದ ಬುಡವನ್ನು ಮೆಲ್ಲ ಒತ್ತಿ ನೋಡಿ. ಕದಲಿದರೆ ಇನ್ನೂ ಕಾಯಿರಿ.

ಸ್ವಲ್ಪವೂ ಕದಲದಿದ್ದರೆ ಎರಡನೆಯ ಹಂತ. ಅದೇ ರೀತಿ ಕುಲುಕಿದ ನೀರಿನಲ್ಲಿ 2 ಮಿ.ಲೀ. ಎಣ್ಣೆ, ಪೂರ್ತಿ ಸುರಿಯಿರಿ. ಲೀಟರಿಗೆ 400 ಮಿ.ಗ್ರಾಮಿಗಿಂತ ಕಡಿಮೆ ಆಗಬಾರದು, ಇಲ್ಲಿ 500ರ ಹತ್ತಿರ ಬರುತ್ತದೆ. ಕಿವಿರು ನಿಂತ ಕೂಡಲೇ ತೆಗೆಯಬೇಡಿ. ಗೋಲ್ಡ್‌ಫಿಶ್ ಆಮ್ಲಜನಕ ಇಲ್ಲದೆಯೂ ಬಹಳ ಹೊತ್ತು ತಡೆದುಕೊಳ್ಳುವ ಜಾತಿ, ಬೇಗ ತೆಗೆದು ಶುದ್ಧ ನೀರು ತಾಗಿದರೆ ಎಚ್ಚರಗೊಂಡರೂ ಆಶ್ಚರ್ಯವಿಲ್ಲ. ಕಿವಿರು ನಿಂತ ಮೇಲೆ ಗಡಿಯಾರ ನೋಡಿ ಪೂರ್ತಿ ಒಂದು ಗಂಟೆ ಅದೇ ನೀರಿನಲ್ಲಿ ಬಿಡಿ. ಕೊನೆಗೆ ಮೈಯನ್ನು ಒಂದು ಬದಿಗೆ ತಿರುಗಿಸಿ ಕಣ್ಣು ನೋಡಿ. ಜೀವ ಇರುವ ಮೀನಿನ ಕಣ್ಣು ಸಮತಟ್ಟಾಗಿ ಉಳಿಯಲು ಗುಳಿಯೊಳಗೆ ತಿರುಗುತ್ತದೆ, ಜೀವ ಹೋದದ್ದರ ಕಣ್ಣು ಮೈಯೊಟ್ಟಿಗೇ ತಿರುಗುತ್ತದೆ.

ಕಿಟಕಿ ತೆರೆದಿಡಿ, ಕೈಗವಸು ಹಾಕಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಥರ್ಮಾಕೋಲ್ ಪೆಟ್ಟಿಗೆ, ತೆಳು ಪ್ಲಾಸ್ಟಿಕ್ ಲೋಟ ಬೇಡ, ಈ ಎಣ್ಣೆ ಅದನ್ನು ಕರಗಿಸುತ್ತದೆ. ಪಾತ್ರೆಯನ್ನು ಅಡಿಗೆಗೆ ತಿರುಗಿ ಬಳಸದಿದ್ದರೆ ಒಳ್ಳೆಯದು. ಉಳಿದ 4 ಲೀಟರ್ ನೀರನ್ನು ತೋಡಿಗೂ (ಸಣ್ಣ ಹಳ್ಳ) ಕಣಿಗೂ (ತೋಟದ ನೀರುಗಾಲುವೆ) ಬಿಡದೆ ಗಟ್ಟಿ ನೆಲದಲ್ಲಿ, ಮರದ ಬುಡದಿಂದ ದೂರ ಚೆಲ್ಲಿ ಮಣ್ಣು ಎಳೆಯಿರಿ.

ಮದ್ದಿನ ಚೀಟಿ (ಕಾಸರಗೋಡು)

ಹೊಳೆಬದಿಯವರು ಹೇಳಿದ್ದಕ್ಕೆ ಎರಡು ಸೇರಿಸಬೇಕು, ಏಕೆಂದರೆ ಅಳತೆ ತಪ್ಪುವುದು ಇಲ್ಲಿಯೇ.

ಹನಿ ಲೆಕ್ಕ ಮಾಡಬೇಡಿ. ಡ್ರಾಪರ್ ಬದಲಾದರೆ ಹನಿಯ ಗಾತ್ರ ಬದಲಾಗುತ್ತದೆ, ಒಂದು ಮಿ.ಲೀ. ಎಣ್ಣೆ 25 ಹನಿಯೂ ಆದೀತು, 40ಕ್ಕೂ ಹೋದೀತು. ಸೂಜಿ ಇಲ್ಲದ 2 ಮಿ.ಲೀ. ಸಿರಿಂಜ್ ತನ್ನಿ. ಮನೆಯಲ್ಲಿರುವ ಇನ್ಸುಲಿನ್ ಸಿರಿಂಜಿನಲ್ಲಿ ಅಳೆಯುವವರು ಬಣ್ಣ ನೋಡಿ. ಕೆಂಪು ಮುಚ್ಚಳದ್ದರಲ್ಲಿ 40 ಯೂನಿಟ್ ಎಂದರೆ ಒಂದು ಮಿ.ಲೀ., ಕಿತ್ತಳೆ ಮುಚ್ಚಳದ್ದರಲ್ಲಿ 100 ಯೂನಿಟ್. ಅಂದರೆ 0.2 ಮಿ.ಲೀ. ಎಂಬುದು ಒಂದರಲ್ಲಿ 8 ಯೂನಿಟ್, ಇನ್ನೊಂದರಲ್ಲಿ 20. ಸಿರಿಂಜಿನ ರಬ್ಬರ್ ಈ ಎಣ್ಣೆಗೆ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಎಳೆದ ಕೂಡಲೇ ಖಾಲಿ ಮಾಡಿ.

ಇನ್ನೊಂದು, ಎಣ್ಣೆಯ ಆಯ್ಕೆ. ಹಲ್ಲುನೋವಿಗೆಂದು ಮಾರುವ ಸಣ್ಣ ಬಾಟ್ಲಿ ಸಾಕು, ಆದರೆ ಲೇಬಲ್ ಓದಿ. ಬೇರೆ ಎಣ್ಣೆ ಬೆರೆಸಿದ್ದು, ಕರ್ಪೂರ, ಪುದೀನ ಸಾರ ಸೇರಿಸಿದ್ದು ಬೇಡ, ಶುದ್ಧ ಲವಂಗದ ಎಣ್ಣೆಯೇ ಬೇಕು. ಒಟ್ಟು 2.2 ಮಿ.ಲೀ. ಬೇಕಾಗುವುದರಿಂದ 5 ಮಿ.ಲೀ. ಬಾಟ್ಲಿ ತೆಗೆದುಕೊಳ್ಳಿ, ಅರ್ಧದಲ್ಲಿ ಮುಗಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಅಂಗಡಿಯಲ್ಲಿ ಮಲಯಾಳ ಮಾತ್ರ ಗೊತ್ತಿರುವವರಾದರೆ ಗ್ರಾಂಪೂ ತೈಲ ಎನ್ನಿ, ಕರಯಾಂಪೂ ಎಂದರೂ ಗೊತ್ತಾಗುತ್ತದೆ. ಮನೆಯ ಲವಂಗ ಕುದಿಸಿದ ಕಷಾಯದಿಂದ ಈ ಕೆಲಸ ಆಗುವುದಿಲ್ಲ, ಅದರಲ್ಲಿ ಎಷ್ಟು ಯೂಜಿನಾಲ್ ಇಳಿದಿದೆ ಎಂದು ಅಳೆಯಲು ದಾರಿ ಇಲ್ಲ.

ಕಂಗಿನ ತೋಟ (ಪೆರ್ಲ)

ಮಣ್ಣಿನ ವಿಷಯಕ್ಕೆ ನಾನು ಬರುತ್ತೇನೆ. ನಮ್ಮ ನೆಲದಲ್ಲಿ ಮೊದಲು ನೋಡಬೇಕಾದ್ದು ಆಳ ಅಲ್ಲ, ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ ಸ್ಪಂಜಿನ ಹಾಗೆ, ಮೇಲೆ ಬಿದ್ದ ನೀರು ತೂತುತೂತಾಗಿ ಕೆಳಗಿಳಿದು ಸುರಂಗಕ್ಕೆ ಒಸರುತ್ತದೆ. ನೀವು ಕುಡಿಯುವುದು ಆ ನೀರನ್ನೇ ಆಗಿದ್ದರೆ ಸುರಂಗದ ಬಾಯಿಗಿಂತ ಮೇಲಿನ ಗುಡ್ಡೆಯಲ್ಲಿ, ಸುರಂಗ ಹೋದ ದಿಕ್ಕಿನ ನೆತ್ತಿಯ ಮೇಲೆ ಯಾವುದನ್ನೂ ಹೂಳಬಾರದು. ಸಣ್ಣ ಮೀನಲ್ಲವಾ ಎನ್ನಬೇಡಿ, ರೋಗದಲ್ಲಿ ಹೋದ ಮೀನು. ಬಾವಿಯಿಂದಲೂ ಕನಿಷ್ಠ 25 ಅಡಿ ದೂರ, ಬಾವಿಗಿಂತ ತಗ್ಗಿನ ಬದಿಯಲ್ಲಿ.

ತೋಟದ ಒಳಗೆ ಬೇಡ. ಆಟಿಯಲ್ಲಿ ಕಣಿಯ ನೀರು ಬುಡದ ಮಟ್ಟಕ್ಕೆ ನಿಂತಿರುತ್ತದೆ, ಒಂದು ಅಡಿ ಅಗೆದರೆ ಗುಂಡಿಯಲ್ಲಿ ಕೆಸರು ತುಂಬುತ್ತದೆ. ನೀರು ತುಂಬಿದ ಗುಂಡಿಯಲ್ಲಿ ಮೈ ಕೊಳೆಯುವುದು ನಿಧಾನ, ನಾತ ಜಾಸ್ತಿ, ಊದಿ ಮೇಲೆ ಬರಲೂಬಹುದು. ಅಂಗಳದ ಮೇಲಿನ ತಟ್ಟಿನಲ್ಲಿ ಅಥವಾ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಿಂದ ನಾಲ್ಕೈದು ಅಡಿ ಒಳಗೆ, ನೀರು ನಿಲ್ಲದ ಜಾಗ ನೋಡಿ. ಬರೆಯ ಅಂಚಿಗೇ ಅಗೆದರೆ ಈ ಮಳೆಗೆ ಅಂಚು ಜರಿಯುತ್ತದೆ. ಪರೀಕ್ಷೆ ಸುಲಭ: ಗುಂಡಿ ತೆಗೆದು ಒಂದು ಬಾಲ್ದಿ ನೀರು ಹೊಯ್ಯಿರಿ, ಅರ್ಧ ಗಂಟೆಯಲ್ಲಿ ಇಂಗಿದರೆ ಜಾಗ ಸರಿ.

ಆಳ ಒಂದೂವರೆ ಅಡಿ, ಆದರೆ ಎರಡಡಿ. ಅಡಿಯಲ್ಲಿ ಮುರಕಲ್ಲು ಸಿಕ್ಕಿ ಪಿಕ್ಕಾಸೂ ಇಳಿಯದಿದ್ದರೆ ಬೇರೆ ಕಡೆ ಅಗೆಯಿರಿ, ಮುಕ್ಕಾಲು ಅಡಿಗೆ ಒಪ್ಪಿಕೊಳ್ಳಬೇಡಿ. ನಾಯಿ, ಕೀರಿ, ಹೆಗ್ಗಣಕ್ಕೆ ಮೀನಿನ ವಾಸನೆ ಸಾಕು, ಬೆಳಗ್ಗೆ ಎದ್ದಾಗ ಗುಂಡಿ ತೆರೆದಿರುತ್ತದೆ. ಅದನ್ನು ಮಗು ನೋಡುವ ಹಾಗೆ ಆಗಬಾರದು. ಲವಂಗದೆಣ್ಣೆ ಸೇರಿದ ಮೈ ಬೆಕ್ಕಿಗೂ ಕೋಳಿಗೂ ಕಾಗೆಗೂ ಸಿಗಬಾರದು ಎನ್ನುವುದು ಬೇರೆ.

ಸುತ್ತಲು ಹಳೆಯ ಹತ್ತಿಬಟ್ಟೆ ಅಥವಾ ಬಾಡಿಸಿದ ಬಾಳೆಲೆ. ಪೆಟ್ಟಿಗೆ ಬೇಕೆನಿಸಿದರೆ ಅಡಿಕೆ ಹಾಳೆಗಿಂತ ಚಂದದ್ದು ಇಲ್ಲ. ಒಣ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಎರಡೂ ತುದಿ ಮಡಚಿ ಬಾಳೆನಾರಿನಲ್ಲಿ ಕಟ್ಟಿದರೆ ದೋಣಿಯ ಹಾಗೆ ಆಗುತ್ತದೆ. ಪ್ಲಾಸ್ಟಿಕ್ ಡಬ್ಬಿ, ಬಿಸ್ಕತ್ತಿನ ತಗಡು, ನೈಲಾನ್ ಬಟ್ಟೆ ಯಾವುದೂ ಬೇಡ. ಉಪ್ಪು ಹಾಕಿ ಮುಚ್ಚುವ ಅಭ್ಯಾಸ ಕೆಲವರಿಗೆ ಉಂಟು. ಉಪ್ಪು ಕೊಳೆಯುವುದನ್ನು ತಡೆಯುತ್ತದೆ, ಒಣಮೀನು ಮಾಡುವುದೂ ಹಾಗೆಯೇ ಅಲ್ಲವಾ. ಗಿಡಕ್ಕೂ ಕೇಡು. ಮೀನಿಟ್ಟ ಮೇಲೆ ಅರ್ಧ ಗುಂಡಿಗೆ ಒಣ ಸೊಪ್ಪು, ಮಣ್ಣು ಬೆರೆಸಿ ತುಂಬಿ ಕಾಲಿನಲ್ಲಿ ಮೆಲ್ಲ ಒತ್ತಿ. ಮೇಲೆ ಅರ್ಧ ಅಡಿ ದಿಣ್ಣೆ ಮಾಡಿ ಒಂದು ಚಪ್ಪಟೆ ಮುರಕಲ್ಲು ಹೇರಿ. ನಿಮ್ಮ ಹೆಸರಿನ ಕೇಪಳವನ್ನೇ ಹತ್ತಿರ ನೆಡಬಹುದು, ಆದರೆ ದಿಣ್ಣೆಯ ಮೇಲಲ್ಲ, ಒಂದು ಅಡಿ ಆಚೆ. ಹಸಿ ಮಾಂಸ ಕೊಳೆಯುವಾಗ ಎಳೆ ಬೇರು ತಾಳುವುದಿಲ್ಲ.

ಫ್ಲ್ಯಾಟಿನಲ್ಲಿರುವವರು ಯಾರಾದರೂ ಓದುತ್ತಿದ್ದರೆ: 14 ಇಂಚಿನ ಮಣ್ಣಿನ ಕುಂಡದ ಅಡಿಯ ಮೂರರಲ್ಲಿ ಒಂದು ಪಾಲು ಮಣ್ಣು, ಅದರ ಮೇಲೆ ಸಣ್ಣ ಮೀನು, ಮೇಲೆ 8 ಇಂಚು ಮಣ್ಣು. ಎರಡು ತಿಂಗಳು ಕೆದಕಬೇಡಿ.

ಕೇಪಳದ ಹೂ

ತುಂಬ ಉಪಕಾರ. ಎಣ್ಣೆಗೆ ಹೇಳಿಕಳಿಸಿದ್ದೇನೆ. ಇನ್ನೂ ಎರಡು ಸಂಶಯ. ಯಜಮಾನರು ಮಂಗಳೂರಿನಿಂದ ಬರುವುದು ಶನಿವಾರ ಸಂಜೆ. ಕುಂಕುಮನನ್ನು ತಂದವರು ಅವರೇ. ಅಷ್ಟರವರೆಗೆ ಕಾಯಬಹುದಾ? ಮತ್ತೆ ಅತ್ತೆಯವರು ಕೆರೆಯ ಮಾತು ಬಿಡುವುದಿಲ್ಲ. ಮನೆಯೊಳಗೆ ಜೀವ ತೆಗೆದರೆ ಸೂತಕ ಅಲ್ಲವಾ ಎಂದೂ ಕೇಳುತ್ತಾರೆ. ಅವರಿಗೆ ನೋವಾಗದ ಹಾಗೆ ಹೇಳುವುದು ಹೇಗೆ?

ಸೀಮೆಯವ (ಕುಂಬಳೆ)

ಶನಿವಾರದವರೆಗೆ ಮೀನನ್ನು ಕಾಯಿಸಬೇಡಿ. ಮಣ್ಣು ಮಾಡುವುದನ್ನು ಕಾಯಿಸಿ. ಜೀವ ಹೋದ ಮೇಲೆ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಇನ್ನೊಂದು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಬಹುದು. ಬದುಕಿದ್ದಾಗ ತಪ್ಪಾದದ್ದು ಹೋದ ಮೇಲೆ ತಪ್ಪಲ್ಲ. ಒಂದೇ ದಿನವಾದರೆ ಫ್ರಿಜ್ಜಿನ ಕೆಳಗಿನ ಅರೆ ಸಾಕು, ನಾಲ್ಕು ದಿನಕ್ಕೆ ಸಾಲದು. ಆಹಾರದ ಮೇಲೆ ಇಡಬೇಡಿ. ಮಣ್ಣು ಮಾಡುವಾಗ ಡಬ್ಬಿ, ಚೀಲ ತೆಗೆದು ಹಾಳೆಗೆ ಬದಲಾಯಿಸಿ, ಕರಗುವುದನ್ನು ಕಾಯಬೇಕೆಂದಿಲ್ಲ. ಯಜಮಾನರಿಗೆ ಮೊದಲೇ ಫೋನಿನಲ್ಲಿ ಹೇಳಿ, ಬೇಕೆಂದರೆ ಜೀವ ಇರುವಾಗ ವೀಡಿಯೊದಲ್ಲಿ ಒಮ್ಮೆ ನೋಡಲಿ.

ಅತ್ತೆಯವರ ಮಾತಿನಲ್ಲಿರುವುದು ಕರುಣೆ, ಅದನ್ನು ಮೊದಲು ಒಪ್ಪಿಕೊಂಡೇ ಮಾತು ಸುರು ಮಾಡಿ. ಆಮೇಲೆ ಕೆರೆಯಲ್ಲಿ ಆಗುವುದೇನು ಎಂದು ಹೇಳಿ. ಒರಾಂಡ ಮನುಷ್ಯ ಸಾಕಿ ಸಾಕಿ ಮಾಡಿದ ತಳಿ, ಗುಂಡು ಮೈ, ಉದ್ದ ಬಾಲ, ವೇಗ ಇಲ್ಲ. ಆರೋಗ್ಯ ಇದ್ದಾಗಲೇ ಕೆರೆಯಲ್ಲಿ ಬದುಕುವುದು ಕಷ್ಟ. ಮಗ್ಗುಲಾಗಿ ಬಿದ್ದ ಬಿಳಿ ಮೀನು ನೀರುಕಾಗೆಗೆ, ಮಿಂಚುಳ್ಳಿಗೆ ಮೊದಲು ಕಾಣುತ್ತದೆ. ಅದು ಬಿಡುಗಡೆಯಲ್ಲ, ನಮ್ಮ ಕಣ್ಣ ಮರೆಯಲ್ಲಿ ನಡೆಯುವ ಹಿಂಸೆ. ಜೊತೆಗೆ ಅದರ ಮೈಯ ರೋಗ ದೇವರ ಕೆರೆಯ ಉಳಿದ ಮೀನಿಗೆ ಹತ್ತಬಹುದು. ತೋಡಿಗೂ ಮದಕಕ್ಕೂ ಪಯಸ್ವಿನಿ ಹೊಳೆಗೂ ಇದೇ ಮಾತು. ಸಾಕಿದ ಪರದೇಶಿ ಮೀನು ಹೊಳೆಗೆ ಸೇರಿದರೆ ಏನಾಗುತ್ತದೆ ಎಂದು ಕೇರಳದಲ್ಲಿ 2018ರ ನೆರೆ ಇಳಿದ ಮೇಲೆ ಗೊತ್ತಾಯಿತು, ಅರಾಪೈಮ, ಅಲಿಗೇಟರ್ ಗಾರ್‌ನಂಥ ಮೀನುಗಳು ಹೊಳೆಗಳಲ್ಲಿ ಬಲೆಗೆ ಬಿದ್ದವು. ಸುಳ್ಯದ ತೊಡಿಕಾನದಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ ಕೈಮುಗಿಯುವ ನಾಡಿನವರು ನಾವು, ಆ ನೀರಿಗೆ ರೋಗದ ಮೀನು ಬಿಡುವುದು ಪುಣ್ಯದ ಲೆಕ್ಕಕ್ಕೆ ಬರಲಾರದು.

ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಯ ನೆನಪು ತೆಗೆದರೆ ಅತ್ತೆಯವರಿಗೆ ಹೆಚ್ಚು ತಟ್ಟೀತು. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಊರೂರಿನ ಜನ ಬಂದು ಕೊನೆಯದಾಗಿ ನೋಡಿದರು, ಹೂ ಹಾಕಿದರು. ಅಷ್ಟು ವರ್ಷ ಕೆರೆಯಲ್ಲೇ ಬದುಕಿದ ಜೀವವನ್ನೂ ಕಳಿಸಿಕೊಟ್ಟದ್ದು ದೇವಸ್ಥಾನದ ಆವರಣದ ಮಣ್ಣಿಗೆ, ನೀರಿಗಲ್ಲ.

ಸೂತಕ ಎಂಬುದು ರಕ್ತಸಂಬಂಧದವರ ಜನನ ಮರಣಕ್ಕೆ ಇರುವ ಕಟ್ಟಳೆ. ಸಾಕಿದ ಮೀನಿಗೆ, ದನಕ್ಕೆ, ನಾಯಿಗೆ ದಿನ ಲೆಕ್ಕ ಹಿಡಿಯುವ ರೂಢಿ ಇಲ್ಲ. ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡಿ ದೀಪ ಹಚ್ಚಿದರೆ ಅವರ ಮನಸ್ಸಿಗೂ ಸಮಾಧಾನ. ಹೂವನ್ನು ಅವರ ಕೈಯಿಂದಲೇ ಹಾಕಿಸಿ. ಎಣ್ಣೆಯ ಕೆಲಸ ನಡೆಯುವಾಗ ಅವರು ಅಲ್ಲಿ ಇರಲೇಬೇಕೆಂದು ಒತ್ತಾಯ ಮಾಡಬೇಡಿ.

ಒಂದನೇ ಕ್ಲಾಸು (ಮುಳ್ಳೇರಿಯ)

ಮಗಳಿಗೆ ಇಂದೇ ಹೇಳಿ, ಮುಗಿದ ಮೇಲೆ ಅಲ್ಲ. ಆರು ವರ್ಷದ ಮಕ್ಕಳಿಗೆ ಸಾವು ಎಂದರೆ ತಿರುಗಿ ಬರದ್ದು ಎಂಬುದು ಆಗಷ್ಟೇ ಅರ್ಥವಾಗತೊಡಗುತ್ತದೆ. ಆದ್ದರಿಂದ ಮಾತು ಸಣ್ಣದೂ ನೇರವೂ ಆಗಿರಬೇಕು: "ಕುಂಕುಮಕ್ಕೆ ತುಂಬ ಹುಷಾರಿಲ್ಲ. ಮದ್ದು ಹಾಕಿದೆವು, ಗುಣ ಆಗಲಿಲ್ಲ. ಇನ್ನು ಅದು ಸಾಯುತ್ತದೆ. ಸತ್ತ ಮೇಲೆ ಅದಕ್ಕೆ ನೋವಾಗುವುದಿಲ್ಲ, ಉಸಿರಾಡುವುದಿಲ್ಲ, ವಾಪಸು ಬರುವುದಿಲ್ಲ." ನಿದ್ದೆ ಮಾಡಿತು ಎನ್ನಬೇಡಿ, ಕೆಲವು ಮಕ್ಕಳು ಆ ರಾತ್ರಿಯಿಂದ ಮಲಗಲು ಹೆದರುತ್ತಾರೆ. ಊರಿಗೆ ಹೋಯಿತು ಎಂದರೆ ಬರುವುದನ್ನು ಕಾಯುತ್ತಾರೆ. ದೇವರು ಕರೆದ ಎನ್ನುವ ಮನೆಗಳಲ್ಲಿ "ನನ್ನನ್ನೂ ಕರೆಯುತ್ತಾನಾ" ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳಿ.

ಈ ಪ್ರಾಯದಲ್ಲಿ ಒಳಗೊಳಗೇ ಇರುವ ಹೆದರಿಕೆ, ತನ್ನಿಂದಲೇ ಆಯಿತಾ ಎಂಬುದು. ತಿಂಡಿ ಜಾಸ್ತಿ ಹಾಕಿದ್ದಕ್ಕೆ, ಗಾಜು ಬಡಿದದ್ದಕ್ಕೆ ಎಂದು ಅವಳೇ ಕಾರಣ ಕಟ್ಟಿಕೊಂಡಿರಬಹುದು, ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಕೇಳುವ ಮೊದಲೇ ನೀವೇ ಹೇಳಿ: ನೀನು ಮಾಡಿದ್ದರಿಂದ ಆದದ್ದಲ್ಲ. ಒಂದು ಸಲ ಹೇಳಿದರೆ ಸಾಲದು.

ಎಣ್ಣೆಯ ಕೆಲಸ ನೋಡಲು ಬೇಡ, ಅವಳು ಶಾಲೆಯಲ್ಲಿರುವ ಹೊತ್ತಿಗೆ ಮಾಡಿ. ಆದರೆ ಶಾಲೆಗೆ ಹೊರಡುವ ಮೊದಲು "ನೀನು ಬರುವಾಗ ಕುಂಕುಮ ಇರುವುದಿಲ್ಲ, ಈಗ ಟಾಟಾ ಮಾಡು" ಎಂದು ಹೇಳಿಯೇ ಕಳಿಸಬೇಕು. ಸಂಜೆ ಮೈ ನೋಡಬೇಕೆಂದರೆ ಬಟ್ಟೆ ಸುತ್ತಿ ಮುಖ ಮಾತ್ರ ತೋರಿಸಿ, ಹುರುಪೆ ಎದ್ದ ಹೊಟ್ಟೆ ಬೇಡ. ಬೇಡವೆಂದರೆ ಬೇಡ. ಹೇಗೆ ಸತ್ತಿತು ಎಂದು ಕೇಳಿದರೆ ಸುಳ್ಳು ಹೇಳಬೇಡಿ, "ನೋವಾಗದ ಹಾಗೆ ಮದ್ದು ಕೊಟ್ಟೆವು, ಮನುಷ್ಯರ ಜ್ವರಕ್ಕೆ ಕೊಡುವ ಮದ್ದಲ್ಲ, ಬೇರೆ" ಎಂದರೆ ಸಾಕು. ಆ ಕೊನೆಯ ತುಂಡು ಬಿಡಬೇಡಿ, ಇಲ್ಲದಿದ್ದರೆ ಮುಂದಿನ ಜ್ವರಕ್ಕೆ ಸಿರಪ್ ಕುಡಿಯಲು ಹೆದರುತ್ತಾಳೆ.

ಶನಿವಾರಕ್ಕೆ ಅವಳಿಗೊಂದು ಕೆಲಸ ಇರಲಿ. ಹಾಳೆಯ ದೋಣಿಗೆ ಹೂ ಹಾಸುವುದು, ಮೊದಲ ಹಿಡಿ ಮಣ್ಣು ಹಾಕುವುದು, ಕಲ್ಲಿನ ಮೇಲೆ ಸುಣ್ಣದಲ್ಲಿ ಹೆಸರು ಬರೆಯುವುದು. ಅತ್ತು ಮುಗಿಸಿ ಐದೇ ನಿಮಿಷದಲ್ಲಿ ಆಡಲು ಓಡಿದರೆ ಬೈಯಬೇಡಿ, ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುವಂಥದ್ದು. ಅದೇ ಬಣ್ಣದ ಇನ್ನೊಂದು ಮೀನನ್ನು ಗುಟ್ಟಾಗಿ ತಂದು ಬಿಡುವುದಂತೂ ಖಂಡಿತ ಬೇಡ.

ಹೊಳೆಬದಿ

ತೊಟ್ಟಿಯ ವಿಷಯ ಬಾಕಿ ಇತ್ತು. ಉಳಿದ ಎರಡು ಮೀನು ತಿನ್ನುತ್ತಿದ್ದರೆ ದೊಡ್ಡ ತೊಟ್ಟಿಯನ್ನು ಖಾಲಿ ಮಾಡಿ ತಿಕ್ಕಲು ಹೋಗಬೇಡಿ. ಅಮೋನಿಯವನ್ನು ತಿಂದು ಹಾಕುವ ಬ್ಯಾಕ್ಟೀರಿಯ ಇರುವುದು ಸ್ಪಂಜಿನಲ್ಲಿ, ಅದನ್ನು ನಲ್ಲಿಯಡಿ ತೊಳೆದರೆ ಇನ್ನೊಂದು ಮೀನನ್ನು ಕಳೆದುಕೊಳ್ಳಲೂಬಹುದು. ದಿನ ಬಿಟ್ಟು ದಿನ 25 ಲೀಟರ್ ಬದಲಾಯಿಸಿ, ಎರಡು ವಾರ. ತಿಂಡಿ ಅರ್ಧ. ದಿನವೂ ಮೇಲಿನಿಂದ ನೋಡಿ ಹುರುಪೆ ಗಮನಿಸಿ. ಕೈಯಲ್ಲಿ ಗಾಯ ಇದ್ದರೆ ಕೈಗವಸು ಹಾಕದೆ ಇಳಿಸಬೇಡಿ, ಸೈಫನ್ ಪೈಪನ್ನು ಬಾಯಲ್ಲಿ ಎಳೆಯಬೇಡಿ. ಮೀನಿನ ಕೆಲವು ಬ್ಯಾಕ್ಟೀರಿಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ.

ಕುಂಕುಮ ಇದ್ದ ಟಬ್ಬು, ಬೋಗುಣಿ, ಬಲೆಗೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಸಾಕು. 10 ಲೀಟರಿಗೆ 6 ಗ್ರಾಂ, ಒಂದು ಗಂಟೆ ಮುಳುಗಿಸಿ, ಮೂರು ನೀರು ತೊಳೆದು ಒಣಗಿಸಿ. ಈ ಮಳೆಯಲ್ಲಿ ಬಿಸಿಲು ಸಿಗದಿದ್ದರೆ ಅಡಿಗೆ ಒಲೆಯ ಬದಿಯಲ್ಲಿ ನಾಲ್ಕು ದಿನ. ತೆರೆದಿಟ್ಟ ಹಳೆಯ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಮೂಗಿಗೆ ಘಾಟು ಹೊಡೆಯದಿದ್ದರೆ ಹೊಸದು ತನ್ನಿ. ಸಾಬೂನು ಬೇಡ.

ನೀವು ಬರೆಯದ ಒಂದು ವಿಷಯ, ಬಾವಿ ನೀರಿನ ಪಿಎಚ್. ನಮ್ಮ ಮುರಕಲ್ಲಿನ ಬಾವಿಗಳ ನೀರು ಹುಳಿ ಬದಿಯದ್ದು, ಪಿಎಚ್ 6ರ ಆಸುಪಾಸು, ಸುಣ್ಣದಂಶ ಬಹಳ ಕಡಿಮೆ. ಗೋಲ್ಡ್‌ಫಿಶ್‌ಗೆ ಬೇಕಾದ್ದು 7ರಿಂದ 8. ಸುಣ್ಣದಂಶ ಇಲ್ಲದ ನೀರಿನಲ್ಲಿ ಪಿಎಚ್ ಒಮ್ಮೆಗೇ ಕುಸಿಯುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯವೂ ಸೋಮಾರಿಯಾಗುತ್ತದೆ. ಮೀನು ವರ್ಷಗಟ್ಟಲೆ ಸಹಿಸಿಕೊಂಡು ಒಂದು ದಿನ ಕೈಬಿಡುತ್ತದೆ. ಕುಂಕುಮಕ್ಕೆ ಅದೇ ಆಯಿತು ಎಂದು ಇಲ್ಲಿಂದ ಹೇಳಲಾಗದು, ನೀವು ಹಳಹಳಿಸಲೂ ಬೇಡಿ. ಉಳಿದೆರಡಕ್ಕಾಗಿ ಹೇಳಿದೆ: ಖಾಲಿ ಮರುವಾಯಿ ಚಿಪ್ಪನ್ನು (ಕಪ್ಪೆಚಿಪ್ಪು) ಕುದಿಸಿ ತೊಳೆದು, ಎರಡು ಹಿಡಿ ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿನ ಗುಳ್ಳೆಯ ಹತ್ತಿರ ಇಡಿ. ವಾರಕ್ಕೊಮ್ಮೆ ಪಿಎಚ್ ಪಟ್ಟಿಯಲ್ಲಿ ನೋಡಿ. ನಿಧಾನವಾಗಿ ಏರಲಿ, ದಿನಕ್ಕೆ 0.3ಕ್ಕಿಂತ ಹೆಚ್ಚು ಬೇಡ.

ಕೇಪಳದ ಹೂ

ಎಣ್ಣೆ ಬಂತು, 5 ಮಿ.ಲೀ. ಬಾಟ್ಲಿ, ಶುದ್ಧ ಎಂದು ಬರೆದಿದೆ. ನಾಳೆ ಬೆಳಗ್ಗೆ ಮಗಳು ಶಾಲೆಗೆ ಹೋದ ಮೇಲೆ ಮಾಡುತ್ತೇವೆ. ಅವಳಿಗೆ ಸಂಜೆ ಹೇಳಿದೆ, "ಟೊಪ್ಪಿ ಕೆಂಪು ಹಾಗೇ ಇರ್ತದಾ ಅಮ್ಮ" ಎಂದು ಕೇಳಿದಳು. ಅತ್ತೆಯವರು ಹಾಳೆ ನೆನೆಸಲು ಒಪ್ಪಿದ್ದಾರೆ. ಅಂಗಳದ ಮೇಲಿನ ತಟ್ಟಿನಲ್ಲಿ ನೀರು ಹೊಯ್ದು ನೋಡಿದೆವು, 20 ನಿಮಿಷದಲ್ಲಿ ಇಂಗಿತು.

ಕಂಗಿನ ತೋಟ (ಪೆರ್ಲ)

ಜಾಗ ಒಳ್ಳೆಯದು ಸಿಕ್ಕಿತು. ಗುಂಡಿಯನ್ನು ಈಗಲೇ ತೆಗೆದಿಟ್ಟರೆ ಶನಿವಾರಕ್ಕೆ ಬದಿ ಜರಿಯುತ್ತದೆ, ಅಂದೇ ಬೆಳಗ್ಗೆ ಅಗೆಯಿರಿ. ಆದರೆ ಎರಡು ಬುಟ್ಟಿ ಮಣ್ಣನ್ನು ಮಾತ್ರ ಇವತ್ತೇ ಕೊಟ್ಟಿಗೆಯ ಮಾಡಿನಡಿ ಒಣಗಲು ಹಾಕಿ. ಹತ್ತು ದಿನದಲ್ಲಿ ದಿಣ್ಣೆ ಸ್ವಲ್ಪ ಇಳಿಯುತ್ತದೆ, ಆಗ ಕಲ್ಲನ್ನು ಎತ್ತಿ ಅದೇ ಮಣ್ಣು ತುಂಬಿ ಪುನಃ ಇಡಿ. ಮಗಳು ಹೆಸರು ಬರೆದ ಬದಿ ಮೇಲೆ ಬರುವ ಹಾಗೆ.